ಸಹಾಯ ಬೇಕು: ಸ್ಪರ್ಧೆ ನಡೆಸಿದವರು ಮಾತು ತಪ್ಪಿದ್ದಾರೆ, ಕಾನೂನಿನಲ್ಲಿ ಏನು ದಾರಿ?

ಎಲ್ಲರಿಗೂ ನಮಸ್ಕಾರ. ಶುಲ್ಕ ಕಟ್ಟಿ ಒಂದು ಫೋಟೋ ಸ್ಪರ್ಧೆಗೆ ಸೇರಿದ್ದೆ. ಮೊದಲ ಬಹುಮಾನ ನನಗೇ ಬಂತು. ಪ್ರಕಟಣೆಯಲ್ಲಿ ನಗದು ಬಹುಮಾನ ಅಂತ ದಪ್ಪ ಅಕ್ಷರದಲ್ಲಿತ್ತು. ಈಗ ಕೇಳಿದರೆ ಅವರದೇ ಕೋರ್ಸಿಗೆ ರಿಯಾಯಿತಿ ಕೂಪನ್ ಕೊಡುತ್ತಾರಂತೆ. ಅದನ್ನು ಬಳಸಲು ನಾನೇ ಮತ್ತೆ ದುಡ್ಡು ಕಟ್ಟಬೇಕು! ಇದು ಯಾವ ನ್ಯಾಯ? ನಿಯಮಗಳನ್ನೂ ಸದ್ದಿಲ್ಲದೆ ತಿದ್ದಿದ್ದಾರೆ. ‘ಬಹುಮಾನದ ಸ್ವರೂಪ ಬದಲಾಗಬಹುದು’ ಅನ್ನುವ ಸಾಲು ಹೊಸದಾಗಿ ಸೇರಿದೆ. ಹಳೆಯ ನಿಯಮಗಳ ಸ್ಕ್ರೀನ್‌ಶಾಟ್, ರಸೀದಿ, ಇಮೇಲ್ ಎಲ್ಲ ನನ್ನ ಹತ್ತಿರ ಇವೆ.

ನಿಯಮ ಪ್ರಕಟಿಸಿ, ಶುಲ್ಕ ತೆಗೆದುಕೊಂಡ ಮೇಲೆ ಅದೂ ಒಂದು ಒಪ್ಪಂದವೇ ಅಲ್ವಾ? ಮೊದಲು ವಕೀಲರಿಂದ ನೋಟಿಸ್ ಕೊಡಿಸಲೇ, ನೇರವಾಗಿ ಗ್ರಾಹಕ ನ್ಯಾಯಾಲಯಕ್ಕೆ ಹೋಗಲೇ? ಸುಮ್ನೆ ಮಾತು ತಪ್ಪಿದರೆ ಸಾಲದು, ಶುರುವಿನಿಂದಲೇ ಮೋಸದ ಉದ್ದೇಶ ಇತ್ತು ಅಂತ ತೋರಿಸಿದರೆ ಮಾತ್ರ ವಂಚನೆಯ ಕೇಸ್ ನಿಲ್ಲುತ್ತದೆ ಅಂತ ಸ್ನೇಹಿತರೊಬ್ಬರು ಹೇಳಿದರು. ಬೇರೆ ವಿಜೇತರಿಗೂ ಹೀಗೇ ಆಗಿದೆ. ಒಟ್ಟಿಗೆ ದೂರು ಕೊಟ್ಟರೆ ಬಲ ಜಾಸ್ತಿಯೇ?

ಇನ್ನೊಂದು ವಿಷಯ ತುಂಬಾ ನೋಯಿಸುತ್ತಿದೆ. ನನ್ನ ಫೋಟೋವನ್ನು ಅವರ ಜಾಹೀರಾತಿಗೆ ಹಾಕಿಕೊಂಡಿದ್ದಾರೆ, ಕೆಳಗೆ ನನ್ನ ಹೆಸರೂ ಇಲ್ಲ. ನಾನು ಹಕ್ಕು ಬರೆದುಕೊಟ್ಟಿಲ್ಲ. ಅದನ್ನು ತೆಗೆಸುವುದು ಹೇಗೆ? ಇಂಥ ಕೇಸ್ ನಡೆಸಿದವರು, ವಕೀಲರು ಇದ್ದರೆ ದಯವಿಟ್ಟು ತಿಳಿಸಿ.