ಬೆನ್ನಿನ ಸೂಜಿ ಬದಲು ಟೆನ್ಸ್ ಇಟ್ಟು ಆಪರೇಷನ್ ಮಾಡಬಹುದಾ?

ಮಂಡ್ಯದ ಮಗಳು:
ಅಮ್ಮನಿಗೆ ಹರ್ನಿಯಾ ಆಪರೇಷನ್ ಇದೆ, ಇಲ್ಲೇ ಮಂಡ್ಯದಲ್ಲಿ. ಮರಗಟ್ಟಿಸಲು ಬೆನ್ನಿಗೆ ಸೂಜಿ ಚುಚ್ಚುತ್ತಾರೆ ಅಂದ ತಕ್ಷಣ ಹೆದರಿಬಿಟ್ಟಿದ್ದಾರೆ. ಮಂಡಿನೋವಿಗೆ ಫಿಸಿಯೋಥೆರಪಿಯಲ್ಲಿ ಟೆನ್ಸ್ ಅಂತ ಕರೆಂಟ್ ಕೊಡುತ್ತಾರಲ್ಲ, ಅದು ಅವರಿಗೆ ಚೆನ್ನಾಗಿ ಹಿಡಿಸಿದೆ. ಅದನ್ನೇ ಇಟ್ಟು ಮಾಡಲಿ ಅಂತ ಒಂದೇ ಹಟ. ಚೀನಾದಲ್ಲಿ ಹಾಗೇ ಮಾಡುತ್ತಾರೆ ಅಂತ ಯಾರೋ ವಿಡಿಯೋ ಬೇರೆ ಕಳಿಸಿದ್ದಾರೆ. ಆಗುತ್ತಾ?

ಫಿಸಿಯೋ ಮೈಸೂರು:
ಇಲ್ಲ ಮೇಡಂ, ಹೊಟ್ಟೆ ಕೊಯ್ಯುವ ನೋವನ್ನು ಟೆನ್ಸ್ ತಡೆಯುವುದಿಲ್ಲ. ಪ್ಯಾಡ್ ಅಂಟಿಸಿದ ಕಡೆ ಜುಮುಜುಮು ಅನ್ನುತ್ತಲ್ಲ, ಆ ಸ್ಪರ್ಶದ ನರಗಳು ಕೆಲಸ ಮಾಡುವಾಗ ಬೆನ್ನುಹುರಿಯಲ್ಲಿ ನೋವಿನ ಸುದ್ದಿ ಮುಂದೆ ಹೋಗುವುದು ತಗ್ಗುತ್ತದೆ, ಏಟು ಬಿದ್ದ ಜಾಗ ಉಜ್ಜಿಕೊಂಡರೆ ಹಾಯೆನಿಸುವ ಹಾಗೆ. 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಅನ್ನುವ ವಿಜ್ಞಾನಿಗಳು ಹೇಳಿದ ಗೇಟ್ ಸಿದ್ಧಾಂತ ಇದೇ. ತಗ್ಗುತ್ತದೆ ಅಷ್ಟೇ, ಮರಗಟ್ಟುವುದಿಲ್ಲ. ಹರ್ನಿಯಾಗೆ ಹೊಟ್ಟೆಯ ಸ್ನಾಯು ಸಡಿಲವಾಗಬೇಕು, ಅದೂ ಇದರಿಂದ ಆಗದು.

ಆದರೆ ಆಪರೇಷನ್ ಆದಮೇಲೆ ಖಂಡಿತ ಕೇಳಿ. ಗಾಯದ ಮೇಲಲ್ಲ, ಹೊಲಿಗೆಯ ಎರಡೂ ಪಕ್ಕ ಪ್ಯಾಡ್ ಅಂಟಿಸುತ್ತಾರೆ. ಸಾಮಾನ್ಯವಾಗಿ 80ರಿಂದ 100 ಹರ್ಟ್ಜ್ (ಸೆಕೆಂಡಿಗೆ ಅಷ್ಟು ಸಲ ಕರೆಂಟಿನ ಮಿಡಿತ) ಇಟ್ಟು, ನೋವಾಗದ ಹಾಗೆ ಆದರೆ ಜೋರಾಗಿಯೇ ಜುಮ್ಮೆನ್ನುವಷ್ಟು ಏರಿಸಬೇಕು, ಹೆದರಿ ಸಣ್ಣಗೆ ಇಟ್ಟರೆ ಸುಮ್ನೆ. 2003ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ, ಟೆನ್ಸ್ ಇಟ್ಟವರು ನೋವಿನ ಔಷಧಿಯನ್ನು ಸುಮಾರು ಕಾಲು ಭಾಗ ಕಡಿಮೆ ತಗೊಂಡಿದ್ದರು. ಪೇಸ್‌ಮೇಕರ್ ಇದ್ದರೆ ಮಾತ್ರ ಹೃದಯದ ಡಾಕ್ಟರನ್ನು ಕೇಳದೆ ಮುಟ್ಟಬೇಡಿ.

ಓಟಿ ನರ್ಸ್:
ಆ ವಿಡಿಯೋ ನಂಬಬೇಡಿ ಅಕ್ಕಾ, ಚೀನಾದ ಬಗ್ಗೆ ಇಂಥ ಕತೆ ಮೊದಲಿನಿಂದಲೂ ಇವೆ. 1971ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ಪತ್ರಕರ್ತ ಜೇಮ್ಸ್ ರೆಸ್ಟನ್‌ಗೆ ಬೀಜಿಂಗ್‌ನಲ್ಲಿ ಅಪೆಂಡಿಕ್ಸ್ ತೆಗೆದರು. ಅರಿವಳಿಕೆ ಇಲ್ಲದೆ ಅಕ್ಯುಪಂಕ್ಚರ್ (ಮೈಗೆ ಸಣ್ಣ ಸೂಜಿ ಚುಚ್ಚುವ ಚೀನೀ ಚಿಕಿತ್ಸೆ) ಮಾಡಿಯೇ ಕೊಯ್ದರು ಅಂತ ಈಗಲೂ ಹೇಳುವವರಿದ್ದಾರೆ. ರೆಸ್ಟನ್ ಅವರೇ ಬರೆದಿರುವುದು ಬೇರೆ: ಕೊಯ್ಯುವಾಗ ಮರಗಟ್ಟಲು ಮಾಮೂಲಿ ಇಂಜೆಕ್ಷನ್ನೇ ಕೊಟ್ಟಿದ್ದು, ಅಕ್ಯುಪಂಕ್ಚರ್ ಮಾಡಿದ್ದು ಆಮೇಲಿನ ಹೊಟ್ಟೆ ಸಂಕಟಕ್ಕೆ.

ಚಾಮುಂಡಿಪುರಂ:
ಅರಿವಳಿಕೆ ಇಲ್ಲದೆ ಮಾಡುವ ಸಣ್ಣ ತಪಾಸಣೆಗಳಲ್ಲಿ ಟೆನ್ಸ್ ಕೆಲಸಕ್ಕೆ ಬರುತ್ತದೆ ಅನ್ನುವುದೂ ನಿಜ. ಗರ್ಭಕೋಶದೊಳಗೆ ಕ್ಯಾಮೆರಾ ಹಾಕಿ ನೋಡುವಾಗ ಬಳಸಿ, ನೋವು ಕಡಿಮೆಯಾಗಿದ್ದು ಕಂಡಿದೆ. ಹರ್ನಿಯಾ ಹಾಗಲ್ಲ.

ಮಂಡ್ಯದ ಮಗಳು:
ಪೇಸ್‌ಮೇಕರ್ ಇಲ್ಲ. ಆದರೆ ಸೂಜಿಯ ಭಯಕ್ಕೆ ಏನು ಮಾಡಲಿ?

ಓಟಿ ನರ್ಸ್:
ಅರಿವಳಿಕೆ ಡಾಕ್ಟರ್ ಆಪರೇಷನ್‌ಗೆ ಮುಂಚೆ ನೋಡುತ್ತಾರಲ್ಲ, ಆಗ ಅಮ್ಮನ ಬಾಯಲ್ಲೇ ಹೇಳಿಸಿ. ಸಣ್ಣ ಸೂಜಿಯಲ್ಲಿ ಚರ್ಮ ಮರಗಟ್ಟಿಸಿ ಆಮೇಲೆ ಬೆನ್ನಿಗೆ ಕೊಡಬಹುದು. ಬೆನ್ನಿಗೆ ಹಾಕುವ ಸೂಜಿಯೂ ತುಂಬಾ ತೆಳು. ಅಷ್ಟಾದರೂ ಬೇಡವೇ ಬೇಡ ಅಂದರೆ ಬೇರೆ ದಾರಿ ಇದೆಯಾ ಅಂತ ಅವರನ್ನೇ ಕೇಳಿ.