ನೀರು ತುಂಬಿದ ಕೆಂಪುಕಲ್ಲಿನ ಕೋರೆ: ಮಕ್ಕಳನ್ನು ಕರೆದುಕೊಂಡು ಹೋಗಬಹುದಾ?

ಪದವಿನಮನೆ:
ಊರು ಕಾರ್ಕಳದ ಕಡೆ. ಮನೆಯ ಹಿಂದಿನ ಪದವಿನಲ್ಲಿ (ಕೆಂಪುಕಲ್ಲಿನ ಬಯಲುಗುಡ್ಡ) ಕೆಲಸ ನಿಂತ ಕೆಂಪುಕಲ್ಲಿನ ಕೋರೆ, ಅಂದರೆ ಕಲ್ಲು ಕೊಯ್ದ ಕ್ವಾರಿ, ಉಂಟು, ಈಗ ಪೂರ್ತಿ ನೀರು. ಚೌತಿಗೆ ಬೆಂಗಳೂರಿನಿಂದ ಮಕ್ಕಳು ಬರ್ತಾರೆ, 8 ಮತ್ತು 11 ವರ್ಷದವರು. ತಳ ಕಾಣ್ತದೆ, ಸೊಂಟದಷ್ಟೇ ನೀರು ಅಂತ ಭಾವ ಹೇಳ್ತಾರೆ. ಯಾವ ಬದಿಯಿಂದ ಹೋಗಬೇಕು? ಎಷ್ಟು ಹತ್ತಿರ ನಿಲ್ಲಬಹುದು? ಕಾಲು ಅದ್ದಲು ಬಿಡಬಹುದಾ?

ಮುರಕಲ್ಲು:
ನೋಡಲು ಖಂಡಿತ ಹೋಗಿ. ನೀರಿಗೆ ಮಾತ್ರ ಇಳಿಸಬೇಡಿ, ಕಾಲು ಅದ್ದುವುದೂ ಬೇಡ.

ಮೊದಲು ಆಳದ ವಿಷಯ. ನೇರ ಮೇಲಿನಿಂದ ನೋಡಿದರೂ ನೀರು ಇರುವ ಆಳದ ಮುಕ್ಕಾಲು ಪಾಲಷ್ಟೇ ಕಾಣುವುದು. 8 ಅಡಿ ಇದ್ದರೆ 6 ಅಡಿ ಅನ್ನಿಸ್ತದೆ. ದಡದಲ್ಲಿ ನಿಂತು ಓರೆಯಾಗಿ ನೋಡಿದರೆ ಇನ್ನೂ ಕಡಿಮೆ. ಸಾಲದ್ದಕ್ಕೆ ಕೋರೆಯ ತಳ ಸಮ ಇರುವುದಿಲ್ಲ. ಒಳ್ಳೆಯ ಕಲ್ಲು ಸಿಕ್ಕಿದ ಕಡೆ ಕೆಳಗೆ ಕೊಯ್ದುಕೊಂಡು ಹೋಗಿರ್ತಾರೆ, ಮೆದು ಕಲ್ಲು ಬಂದಲ್ಲಿ ಬಿಟ್ಟಿರ್ತಾರೆ. ಪಂಪ್ ಇಡಲು ಒಂದು ಮೂಲೆಯಲ್ಲಿ ಬೇರೆ ಗುಂಡಿ ತೋಡಿರುವುದೂ ಉಂಟು. ಸೊಂಟದ ನೀರಿನಿಂದ ಒಂದು ಹೆಜ್ಜೆ ಮುಂದಿಟ್ಟರೆ ತಲೆ ಮುಳುಗುವುದು ಹೀಗೆ.

ಇನ್ನು ಶೇಡಿ ಮಣ್ಣು. ಕೆಂಪುಕಲ್ಲಿನ ಪದರದ ಅಡಿಯಲ್ಲಿ ಬಿಳಿ, ಹಳದಿ, ನಸುಗೆಂಪು ಬಣ್ಣದ ಈ ಮಣ್ಣು ಸಿಕ್ಕಿದರೆ ಕಲ್ಲು ಮುಗಿಯಿತು ಅಂತ ಕೆಲಸ ನಿಲ್ಲಿಸ್ತಾರೆ. ಕಲ್ಲು ಗಾಳಿಗೆ ಒಡ್ಡಿದಷ್ಟೂ ಗಟ್ಟಿ, ಶೇಡಿ ನೆನೆದಷ್ಟೂ ಮೆತ್ತಗೆ. ತಳದಲ್ಲಿ ಕಾಲು ಹೂತುಹೋಗ್ತದೆ, ಕಿತ್ತುಕೊಳ್ಳಲು ಒದ್ದಾಡಿದರೆ ಇನ್ನೊಂದು ಕಾಲೂ ಇಳಿಯುತ್ತದೆ. ಗೋಡೆಯ ಬುಡದಲ್ಲಿ ಶೇಡಿ ಇದ್ದರೆ ಅದು ಕೊರೆದುಹೋಗಿ, ಮೇಲಿನ ಕಲ್ಲು ಆಧಾರವಿಲ್ಲದೆ ಚಾಚಿಕೊಂಡು ನಿಂತಿರ್ತದೆ. ಮೇಲಿನಿಂದ ಅದು ನಿಮಗೆ ಕಾಣುವುದೇ ಇಲ್ಲ. ಹಾಗಾಗಿ ಗೋಡೆ ಎಷ್ಟು ಎತ್ತರವೋ ಕನಿಷ್ಠ ಅಷ್ಟು ಹಿಂದೆ ನಿಲ್ಲಿ. ಅಂಚಿಗೆ ಸಮಾನಾಂತರವಾಗಿ ನೆಲದಲ್ಲಿ ಬಿರುಕು ಕಂಡರೆ ಆ ಬದಿಗೆ ಹೋಗಲೇಬೇಡಿ. ಅಂಚಿನಲ್ಲಿ ರಾಶಿ ಹಾಕಿದ ಮೇಲ್ಮಣ್ಣು ಹತ್ತುವುದೂ ಬೇಡ, ಅದು ಸಡಿಲ.

ಹೋಗಬೇಕಾದ ಬದಿ ಲಾರಿ ಇಳಿಯುತ್ತಿದ್ದ ದಾರಿ. ಅಲ್ಲಿ ಮಾತ್ರ ಇಳಿಜಾರು, ಉಳಿದ ಮೂರೂ ಕಡೆ ನೆಟ್ಟಗಿನ ಪಾಚಿ ಹಿಡಿದ ಗೋಡೆ. ಈಜು ಬಂದವರಿಗೂ ಅಲ್ಲಿ ಹಿಡಿದು ಹತ್ತಲು ಏನೂ ಇರುವುದಿಲ್ಲ. ದಾರಿಯಲ್ಲೂ ನೀರಿನಿಂದ 10 ಅಡಿ ಹಿಂದೆಯೇ ಇರಿ, ಯಾಕೆಂದರೆ ಅದು ನೀರಿನೊಳಗೆ ಎಲ್ಲಿ ಕಡಿದುಹೋಗಿದೆ ಅಂತ ಹೊರಗಿನಿಂದ ತಿಳಿಯುವುದಿಲ್ಲ.

ಹಗ್ಗ_ಕ್ಯಾನ್:
ಮೇಲಿನದೆಲ್ಲ ಸರಿ. ಭಾವನಿಗೆ ನಂಬಿಕೆ ಬರದಿದ್ದರೆ ಅಳೆದು ತೋರಿಸಿ. ದಾರಕ್ಕೆ ಅಡಿಗೊಂದು ಗಂಟು ಹಾಕಿ, ತುದಿಗೆ ಅರ್ಧ ಕೆಜಿ ಕಲ್ಲು ಕಟ್ಟಿ, ಇಳಿಜಾರಿನ ಕಡೆಯಿಂದ ಎಸೆಯಿರಿ. ದಾರ ಓರೆಯಾಗಿ ಹೋಗುವುದರಿಂದ ಲೆಕ್ಕ ಕರಾರುವಾಕ್ಕಾಗಿ ಬರುವುದಿಲ್ಲ, ಆದರೆ ಕಲ್ಲನ್ನು ಎಳೆದು ನೋಡಿ: ಬಿಳಿ ಮಣ್ಣು ಮೆತ್ತಿದ್ದರೆ ತಳದಲ್ಲಿ ಕೆಸರು ಉಂಟು ಅಂತ ಅರ್ಥ.

ಜೊತೆಗೆ 15–20 ಮೀಟರ್ ಹಗ್ಗ ಮತ್ತು ಮುಚ್ಚಳ ಭದ್ರವಾಗಿರುವ 5 ಲೀಟರಿನ ಖಾಲಿ ಕ್ಯಾನ್ ಇರಲಿ. ಒಬ್ಬ ದೊಡ್ಡವನ ತಲೆ ನೀರಿನ ಮೇಲೆ ಇರಲು ಅಷ್ಟು ಸಾಕು. ಕ್ಯಾನಿಗೆ ಒಂದು ಲೋಟ ನೀರು ಹಾಕಿದರೆ ಎಸೆಯುವಾಗ ಗಾಳಿಗೆ ತೇಲಿಹೋಗುವುದಿಲ್ಲ. ಹಗ್ಗ ಪಾಲಿಪ್ರೊಪಿಲೀನ್ ಆಗಿರಲಿ, ಅದು ತೇಲುತ್ತದೆ, ನೈಲಾನ್ ಮುಳುಗುತ್ತದೆ. ಯಾರಾದರೂ ಬಿದ್ದರೆ ಇದನ್ನು ಎಸೆದು, ನೀವು ಮಲಗಿಕೊಂಡು ಎಳೆಯಿರಿ. ಹಿಂದೆಯೇ ಹಾರಬೇಡಿ. ಕೋರೆಗಳಲ್ಲಿ ಒಬ್ಬನನ್ನು ಉಳಿಸಲು ಹೋಗಿ ಇನ್ನೊಬ್ಬರೂ ಹೋಗುವುದು ಹೀಗೇ.

ಹೊರಗೆ ತೆಗೆದ ಮೇಲೆ ಹೊಟ್ಟೆ ಒತ್ತುವುದು, ತಲೆಕೆಳಗು ಮಾಡಿ ತಿರುಗಿಸುವುದು ದಯವಿಟ್ಟು ಬೇಡ. ಉಸಿರಿಲ್ಲದಿದ್ದರೆ ಮೊದಲು ಬಾಯಿಗೆ ಬಾಯಿ ಇಟ್ಟು 5 ಸಲ ಉಸಿರು ಕೊಡಿ, ಆಮೇಲೆ ಎದೆಯ ನಡುವೆ 30 ಸಲ ಒತ್ತಿ 2 ಉಸಿರು, ಹೀಗೆ ಮುಂದುವರಿಸಿ. ಒತ್ತುವ ವೇಗ ನಿಮಿಷಕ್ಕೆ 100ರಿಂದ 120. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಪದವಿನಲ್ಲಿ ನೆಟ್‌ವರ್ಕ್ ಎಲ್ಲಿ ಸಿಗ್ತದೆ ಅಂತ ಮೊದಲೇ ನೋಡಿಟ್ಟುಕೊಳ್ಳಿ.

ಪದವಿನಮನೆ:
ತುಂಬ ಉಪಕಾರ. ಹಾಗಾದರೆ ಡಿಸೆಂಬರ್ ರಜೆಯಲ್ಲಿ ನೀರು ಇಳಿದ ಮೇಲೆ ಹೋಗುವುದು ಒಳ್ಳೆಯದಾ?

ಮುರಕಲ್ಲು:
ಇಲ್ಲ ಮಾರಾಯ್ರೆ, ಆಗ ಬೇರೆ ತೊಂದರೆ. ತುಂಬಿದ ನೀರು ಗೋಡೆಯನ್ನು ಒಳಗಿನಿಂದ ಒತ್ತಿ ಹಿಡಿದಿರ್ತದೆ. ಅಡಿಕೆ ತೋಟಕ್ಕೆ ಪಂಪ್ ಇಟ್ಟು ಬೇಗ ಎಳೆದರೆ ಆ ಆಧಾರ ಹೋಗ್ತದೆ, ಗೋಡೆಯ ಒಳಗಿನ ತೇವ ಮಾತ್ರ ಹಾಗೇ ಇರ್ತದೆ. ಕುಸಿಯುವುದು ಆಗಲೇ. ಹೊರಬಿದ್ದ ಶೇಡಿ ಮೇಲೆ ಒಣಗಿ ಬಿರುಕು ಬಿಟ್ಟು ಗಟ್ಟಿ ನೆಲದ ಹಾಗೆ ಕಾಣ್ತದೆ, ಕಾಲಿಟ್ಟರೆ ಮೊಣಕಾಲವರೆಗೆ ಇಳಿಯುತ್ತದೆ. ಪಂಪಿನ ವಯರ್ ನೀರಿನಲ್ಲಿ ಬಿದ್ದಿದ್ದರೆ ಕರೆಂಟಿನ ಅಪಾಯವೂ ಉಂಟು. ಜಾಗದವರ ಒಪ್ಪಿಗೆ ಕೇಳುವಾಗಲೇ ಪಂಪ್ ಇಟ್ಟಿದ್ದಾರಾ ಅಂತ ವಿಚಾರಿಸಿ.

ಚೌತಿಯೇ ಚಂದ. ಪದವಿನ ತೆಳು ಮಣ್ಣಿನಲ್ಲಿ ಯುಟ್ರಿಕ್ಯುಲೇರಿಯಾದ ನೀಲಿ ಹೂ ಹಾಸಿರುವ ಸಮಯ. ಮಣ್ಣಿನೊಳಗಿನ ಬೇರಿನಂಥ ಎಳೆಗಳ ಮೇಲಿರುವ ಪುಟ್ಟ ಚೀಲಗಳಲ್ಲಿ ಹುಳ ಹಿಡಿದು ತಿನ್ನುವ ಗಿಡ ಅದು. ಮಕ್ಕಳ ಕೈಗೆ ಒಂದು ಭೂತಗನ್ನಡಿ ಕೊಡಿ, ನೀರಿನ ಕಡೆ ಹೋಗುವುದೇ ಇಲ್ಲ.

ಹಗ್ಗ_ಕ್ಯಾನ್:
ಕಾಲಿನಲ್ಲಿ ಗಾಯ ಇದ್ದರೆ ನಿಂತ ನೀರು ತುಳಿಯಬಾರದು, ನಮ್ಮ ಕರಾವಳಿಯಲ್ಲಿ ಇಲಿಜ್ವರ ಬರುವ ಕಾಲ ಇದು. ತುಳಿದಿದ್ದರೆ, ಮುಂದಿನ ಎರಡು ಮೂರು ವಾರದಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ಕೋರೆಗೆ ಹೋಗಿದ್ದನ್ನು ಡಾಕ್ಟರಿಗೆ ಹೇಳಿ. ಬೆಂಗಳೂರಿನಲ್ಲಿ ತೋರಿಸುವುದಾದರೆ ಇದನ್ನು ಹೇಳಲೇಬೇಕು, ಅವರಾಗಿ ಕೇಳುವುದಿಲ್ಲ.