ಸಹಾಯ ಬೇಕು: ಬನಶಂಕರಿ ಹತ್ತಿರ ಒಂದು ರಾತ್ರಿಗೆ ರೂಮ್

ಎಲ್ಲರಿಗೂ ನಮಸ್ಕಾರ. ಮುಂದಿನ ಶನಿವಾರ ನಾನು, ನಮ್ಮ ಯಜಮಾನರು ಶಿವಮೊಗ್ಗದಿಂದ ಬೆಂಗಳೂರಿಗೆ ಬರ್ತಿದ್ದೇವೆ. ಗೆಳತಿಗೆ ಹೆರಿಗೆಯಾಗಿದೆ, ಮಗು ನೋಡಬೇಕು. ಅವಳ ಮನೆ ಬನಶಂಕರಿಯಲ್ಲಿ. "ನಮ್ಮನೇಲೇ ಉಳ್ಕೊಳ್ಳಿ" ಅಂತ ಹಟ ಮಾಡ್ತಿದ್ದಾಳೆ, ಆದರೆ ಪಾಪ ಅವಳಿಗೆ ರಾತ್ರಿ ನಿದ್ದೆನೇ ಇಲ್ಲ, ಫೋನಲ್ಲಿ ಮಾತಾಡ್ತಾ ಮಾತಾಡ್ತಾನೇ ತೂಕಡಿಸ್ತಾಳೆ, ಅವರಮ್ಮ ಒಬ್ಬರೇ ಅಡುಗೆ, ಎಣ್ಣೆ ಸ್ನಾನ, ಬಟ್ಟೆ ಎಲ್ಲ ನೋಡ್ಕೋಬೇಕು. ಅಂಥ ಮನೆಗೆ ಇನ್ನಿಬ್ಬರು ಹೋಗಿ ಕೂರೋದು ಸರಿಯಲ್ಲ ಅಲ್ವಾ?

ಅದಕ್ಕೆ ಬನಶಂಕರಿ, ಜಯನಗರ ಅಥವಾ ಸೌತ್ ಎಂಡ್ ಕಡೆ ಒಂದು ರಾತ್ರಿಗೆ ಚೊಕ್ಕವಾದ ರೂಮ್ ಇದ್ದರೆ ತಿಳಿಸಿ. ಬಿಸಿನೀರು ಬರಬೇಕು, ಬಾತ್‌ರೂಮ್ ಕ್ಲೀನ್ ಇರಬೇಕು, ಅಷ್ಟೇ. ಮೆಟ್ರೋ ಹಸಿರು ಮಾರ್ಗದ ಹತ್ತಿರ ಇದ್ದರೆ ಮೆಜೆಸ್ಟಿಕ್‌ನಿಂದ ಸೀದಾ ಬರಬಹುದು, ಆಟೋ ಚೌಕಾಸಿ ತಪ್ಪುತ್ತೆ. ನೀವೇ ಉಳಿದು ನೋಡಿದ ಜಾಗ ಆದರೆ ಒಳ್ಳೇದು, ಆನ್‌ಲೈನ್ ಫೋಟೋ ನಂಬೋಕೆ ಧೈರ್ಯ ಇಲ್ಲ.

ಭಾನುವಾರ ಬೆಳಿಗ್ಗೆ ಮಾತ್ರ ನಮ್ಮಿಬ್ಬರಿಗೆ ಅಂತ ಇಟ್ಟುಕೊಂಡಿದ್ದೇವೆ. ಇವರಿಗೆ ಲಾಲ್‌ಬಾಗಿನ ಬಂಡೆ ಹತ್ತಬೇಕು, ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲು ಅಂತ ಓದಿದಾಗಿನಿಂದ ಅದೇ ಜಪ. ನನಗೆ ಗಾಂಧಿ ಬಜಾರಿನ ವಿದ್ಯಾರ್ಥಿ ಭವನದ ದೋಸೆ. ಭಾನುವಾರ ಅಲ್ಲಿ ರಶ್ ಜಾಸ್ತಿ ಇರುತ್ತಲ್ಲ, ಮೊದಲು ದೋಸೆ ಮುಗಿಸಿ ಲಾಲ್‌ಬಾಗಿಗೆ ಹೋಗೋದಾ, ಇಲ್ಲ ಬಿಸಿಲೇರುವ ಮುಂಚೆ ಬಂಡೆ ಹತ್ತಿ ಬರೋದಾ?

ಇನ್ನೊಂದು, ಬಾಣಂತಿಗೆ ಅಂಟಿನುಂಡೆ ಮಾಡಿಸಿ ತರ್ತಿದ್ದೇನೆ. ಮಗುವಿಗೆ ಮೆತ್ತನೆಯ ಹತ್ತಿ ಬಟ್ಟೆ ಜಯನಗರ 4ನೇ ಬ್ಲಾಕಿನಲ್ಲಿ ಎಲ್ಲಿ ಚೆನ್ನಾಗಿ ಸಿಗುತ್ತೆ, ದಯವಿಟ್ಟು ಹೇಳಿ.